ಒದ್ದೆ ಗೋಣಿ ಹೊದಿಸಿದ ಪೆಟ್ರೋಲು

ವಿಮಾನ ಕೆಟ್ಟು ನಿಂತಾಗ ನನ್ನನ್ನು ಯಾರೂ ಬೈದದ್ದಿಲ್ಲ. ಆಗ ಎಲ್ಲರಿಗೂ ನಾನು ಬೇಕು. ಕಾಫಿ ಬರುತ್ತದೆ, ಕುರ್ಚಿ ಬರುತ್ತದೆ, ‘ಏನಾಯ್ತು ಸಾರ್, ಸರಿ ಹೋಗುತ್ತಾ ಸಾರ್’ ಎಂದು ಸುತ್ತ ನಿಲ್ಲುತ್ತಾರೆ. ನಾನು ಬೈಸಿಕೊಂಡದ್ದೆಲ್ಲ ಅದು ಚೆನ್ನಾಗಿ ಹಾರುತ್ತಿದ್ದ ಕಾಲದಲ್ಲೇ. ಎಪ್ಪತ್ತರ ದಶಕದ ಕೊನೆಯಲ್ಲಿ ಒಂದು ವರ್ಷ, ಅಜ್ಜಂಪುರದ ಹತ್ತಿರ ಹತ್ತಿ ಹೊಲಗಳಿಗೆ ಔಷಧಿ ಹೊಡೆಯುವ ಪುಟ್ಟ ವಿಮಾನವೊಂದನ್ನು ನೋಡಿಕೊಳ್ಳಲು ಹೋದೆ. ಅಷ್ಟು ಸಲೀಸಾಗಿ ನಡೆದ ಕೆಲಸವನ್ನೂ ನಾನು ಕಂಡಿಲ್ಲ, ಅಷ್ಟು ದ್ವೇಷವನ್ನೂ ಕಂಡಿಲ್ಲ.

ಆ ವರ್ಷ ಎರೆಭೂಮಿಯ ಹತ್ತಿಗೆ ಕಾಯಿಕೊರಕ ಹುಳು ಬಿದ್ದಿತ್ತು. ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಡೆದು ಮುಗಿಯುವ ಹಾಗಿರಲಿಲ್ಲ. ಬೆಳೆಗಾರರು ಒಟ್ಟಾಗಿ ನಮ್ಮ ಕಂಪನಿಯ ವಿಮಾನ ಕರೆಸಿದ್ದರು. ಊರಾಚೆಯ ಗೋಮಾಳದಲ್ಲಿ ಕಲ್ಲು ಆರಿಸಿ, ರೋಲರ್ ಎಳೆದು ಓಡುದಾರಿ ಮಾಡಿದ್ದರು. ಇದಕ್ಕೆಲ್ಲ ಮುಂದಾಳು ಆ ಊರಿನ ಗೌಡರು. ಹಣೆ ತುಂಬ ವಿಭೂತಿ, ಗಟ್ಟಿ ದನಿ. ನಮ್ಮ ಊಟ ಅವರ ಮನೆಯಿಂದಲೇ ಬರುತ್ತಿತ್ತು. ನಾನು ಅಮೃತಾಪುರದ ಕಡೆಯವನು ಎಂದು ಗೊತ್ತಾದ ದಿನ ಅವರು ಖುಷಿಯಿಂದ ನನ್ನ ಬೆನ್ನು ತಟ್ಟಿ, “ನಮ್ಮ ಹುಡುಗನೇ ಸಿಕ್ಕ, ಇನ್ನೇನು ಭಯ ಇಲ್ಲ” ಅಂದಿದ್ದರು. ನಮ್ಮವನು ಅಂದರೆ ಹೇಳಿದ್ದಕ್ಕೆಲ್ಲ ತಲೆಯಾಡಿಸುವವನು ಎಂದು ಅವರ ಲೆಕ್ಕ.

ವಿಮಾನ ಹಾರಿಸುವವರು ಮೈಸೂರಿನವರು. ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದೆವು. ಒಬ್ಬರೇ ಕೂರುವ ವಿಮಾನ ಅದು. ಮುಂದೆ ಔಷಧಿಯ ತೊಟ್ಟಿ, ಹಿಂದೆ ಪೈಲಟ್. ಆ ಜಾಗಕ್ಕೆ ಅವರೇ ಮೇಲಧಿಕಾರಿ. ಆದರೆ ಪ್ರತಿ ಬೆಳಿಗ್ಗೆ ವಿಮಾನ ಹಾರಲು ಯೋಗ್ಯವಾಗಿದೆ ಎಂದು ಸಹಿ ಹಾಕಬೇಕಾದ ಎಂಜಿನಿಯರ್ ನಾನು. ಮೊದಲ ದಿನದಿಂದಲೇ ನಮ್ಮಿಬ್ಬರಿಗೆ ಎಣ್ಣೆ ಸೀಗೇಕಾಯಿ. ಅವರಿಗೆ ನನ್ನ ನಿಧಾನ ಕಂಡರೆ ಆಗದು, ನನಗೆ ಅವರ ಅವಸರ ಕಂಡರೆ ಆಗದು.

ಅವಸರಕ್ಕೂ ಕಾರಣವಿತ್ತು ಅನ್ನಿ. ಔಷಧಿ ಹೊಡೆಯಲು ಗಾಳಿ ನಿಂತಿರಬೇಕು. ಆ ಬಯಲಲ್ಲಿ ಗಾಳಿ ನಿಂತಿರುವುದು ಬೆಳಕು ಹರಿದ ಮೇಲೆ ಸ್ವಲ್ಪ ಹೊತ್ತು ಮಾತ್ರ. ಬಿಸಿಲು ಬಲಿತರೆ ಗಾಳಿ ಎದ್ದು ಔಷಧಿ ಪಕ್ಕದ ಹೊಲಕ್ಕೆ ಹೋಗುತ್ತದೆ. ಆ ಹೊತ್ತಿನಲ್ಲೇ ನನ್ನ ಕೆಲಸ. ಎಂಜಿನ್ನಿನ ಮುಚ್ಚಳ ತೆಗೆದು ಎಣ್ಣೆ ನೋಡಬೇಕು, ಪೈಪುಗಳ ಜೋಡಣೆ ಒಂದೊಂದನ್ನೂ ಕೈಯಿಂದ ಅಲುಗಿಸಬೇಕು. ಪ್ರೊಪೆಲ್ಲರಿನ ಅಂಚಿಗೆ ಬೆರಳು ಹಚ್ಚಿ, ಓಡುದಾರಿಯ ನೊರಜುಗಲ್ಲು ಹೊಡೆದು ಎಲ್ಲಾದರೂ ಕಚ್ಚು ಬಿದ್ದಿದೆಯೇ ಎಂದು ತಡವಬೇಕು. ಬಿದ್ದಿದ್ದರೆ ಅರ ಹಾಕಿ ನಯ ಮಾಡಬೇಕು. ಬಿಟ್ಟರೆ ಅಲ್ಲಿಂದಲೇ ಬಿರುಕು ಹುಟ್ಟುತ್ತದೆ. ಕೊನೆಗೆ ರೆಕ್ಕೆಯೊಳಗಿನ ಟ್ಯಾಂಕುಗಳ ಅಡಿಯಿಂದ ಗಾಜಿನ ಸೀಸೆಗೆ ಪೆಟ್ರೋಲ್ ಬಿಟ್ಟು ಬೆಳಕಿಗೆ ಹಿಡಿಯಬೇಕು. ನೀರು ಸೇರಿದ್ದರೆ ಸೀಸೆಯ ತಳದಲ್ಲಿ ಬೇರೆಯಾಗಿ ಕೂರುತ್ತದೆ.

ಸಂಜೆ ಇನ್ನೊಂದು ಸುತ್ತು. ಔಷಧಿ ಅಂಟಿದ ಜಾಗವೆಲ್ಲ ತೊಳೆಯಬೇಕು, ಇಲ್ಲವಾದರೆ ಅದು ತಗಡನ್ನು ತಿನ್ನುತ್ತದೆ. ಪೆಟ್ರೋಲ್ ತುಂಬುವಾಗ ಲಾಳಿಕೆಗೆ ಹದ ಮಾಡಿದ ಮೆದು ಚರ್ಮ ಕಟ್ಟಿ ಸೋಸಬೇಕು. ಆ ಚರ್ಮ ಪೆಟ್ರೋಲನ್ನು ಬಿಡುತ್ತದೆ, ನೀರನ್ನು ತಡೆಯುತ್ತದೆ. ಆದರೆ ಬಹಳ ನಿಧಾನ. ಲಾಳಿಕೆ ಹಿಡಿದವನ ರಟ್ಟೆ ಬಿದ್ದುಹೋಗುತ್ತದೆ.

ವಾರಗಟ್ಟಲೆ ಏನೂ ಕೆಡಲಿಲ್ಲ. ಎಂಜಿನ್ ಒಂದು ಸಲ ಕೂಡ ಕೆಮ್ಮಲಿಲ್ಲ. ಏನೂ ಕೆಡದೆ ಇದ್ದದ್ದೇ ನನಗೆ ಮುಳುವಾಯಿತು. ಗೌಡರು ಬಂದು ನಿಂತು ನೋಡುವರು.

“ಏನಪ್ಪಾ, ದಿನಾ ಒರೆಸಿದ್ದನ್ನೇ ಒರೆಸ್ತೀಯ, ನೋಡಿದ್ದನ್ನೇ ನೋಡ್ತೀಯ. ನಾವೂ ಬೇಸಾಯ ಮಾಡ್ತೀವಿ. ನೊಗಕ್ಕೆ ಹೂಡೋ ಮುಂಚೆ ದಿನಾ ಎತ್ತಿನ ಹಲ್ಲು ಎಣಿಸ್ತೀವೇನೋ?”

ಸುತ್ತಲಿನವರು ನಗುವರು. ಕ್ಯಾಪ್ಟನ್ ಹೆಲ್ಮೆಟ್ ಕೈಯಲ್ಲಿ ಹಿಡಿದು, “ರೀ, ನಿಮ್ಮ ಪೂಜೆ ಮುಗೀತಾ? ಮಂಗಳಾರತಿ ಆದ್ಮೇಲೆ ಹೇಳಿ, ಬರ್ತೀನಿ” ಅನ್ನುವರು. ನಾನೂ ಸಾಧುವಲ್ಲ. “ದೇವರು ಮೇಲಕ್ಕೆ ಹೋಗಿ ಕೆಳಗೆ ಬರಬೇಕಲ್ಲ, ಅದಕ್ಕೇ ಪೂಜೆ” ಎಂದು ತಿರುಗಿಸಿ ಕೊಡುತ್ತಿದ್ದೆ. ಆಮೇಲೆ ಬೇಕೆಂದೇ ಇನ್ನೊಂದು ಸಲ ಪ್ರೊಪೆಲ್ಲರ್ ತಡವುತ್ತಿದ್ದೆ. ಅವರು ಹಲ್ಲು ಕಡಿಯುವುದನ್ನು ನೋಡಿದರೆ ನನಗೆ ಒಳಗೊಳಗೇ ಸಂತೋಷ.

ನನ್ನ ಜೊತೆ ಜಗಳವಾಡದವನು ಒಬ್ಬನೇ, ಪೆಟ್ರೋಲ್ ಬ್ಯಾರಲ್‌ಗಳ ಕಾವಲಿನವನು. ಗೌಡರ ಮನೆಯ ಆಳು. ಅದಕ್ಕೆ ಮುಂಚೆ ತರೀಕೆರೆ ಕಡೆಯ ವೀಳ್ಯದೆಲೆ ತೋಟದಲ್ಲಿ ದುಡಿದವನು. ಹೆಚ್ಚು ಮಾತಿಲ್ಲ. ಸಂಜೆ ಲಾಳಿಕೆ ಹಿಡಿಯಲು ಬರುತ್ತಿದ್ದವನು ಅವನೇ. ಬ್ಯಾರಲ್‌ಗಳನ್ನು ನಾನು ಇಟ್ಟಿಗೆಯ ಮೇಲೆ ಅಡ್ಡ ಮಲಗಿಸಿ, ಹೊಂಗೆ ಮರದ ನೆರಳಲ್ಲಿ ಇಡಿಸಿದ್ದೆ. ಹೀಗೇ ಇರಲಿ, ಮುಟ್ಟಬೇಡ ಅಂದಿದ್ದೆ. ಅವನು ಮುಟ್ಟಿರಲೂ ಇಲ್ಲ.

ಹೀಗಿರುವಾಗ ನಮಗೆ ಬರಬೇಕಿದ್ದ ಸ್ಪಾರ್ಕ್ ಪ್ಲಗ್ಗುಗಳ ಪಾರ್ಸಲ್ ಕಡೂರು ಸ್ಟೇಷನ್ನಿಗೆ ಬಂದಿದೆ ಎಂದು ಸುದ್ದಿ ಬಂತು. ಆ ದಿನದ ಹಾರಾಟ ಮುಗಿದ ಮೇಲೆ ತರಲು ನಾನೇ ಹೋದೆ; ನಾನು ಬರುವವರೆಗೆ ವಿಮಾನ ನಿಂತಿರಬೇಕು. ಪಾರ್ಸಲ್ ಆಫೀಸಿನವರು ಇವತ್ತು ಬಾ, ನಾಳೆ ಬಾ ಎಂದು ಸತಾಯಿಸಿದರು. ರಾತ್ರಿ ಅಲ್ಲೇ ಉಳಿದು, ಮಾರನೆಯ ಸಂಜೆಯ ಬಸ್ಸಿಗೆ ಅಜ್ಜಂಪುರಕ್ಕೆ ಬಂದು, ಅಲ್ಲಿಂದ ಗಾಡಿಯಲ್ಲಿ ಗೋಮಾಳ ಸೇರುವಾಗ ಕತ್ತಲಾಗಿತ್ತು. ಬಂದವನೇ ಮಲಗಿಬಿಟ್ಟೆ.

ಬೆಳಿಗ್ಗೆ ಎದ್ದಾಗ ಮೂಡಲಲ್ಲಿ ಮೋಡ ಕಟ್ಟಿತ್ತು. ಮಳೆ ಬಂದರೆ ಹಲವು ದಿನ ಕೆಲಸವಿಲ್ಲ, ಅಷ್ಟರಲ್ಲಿ ಹುಳು ಕಾಯಿ ಮುಗಿಸಿರುತ್ತದೆ. ಅದಕ್ಕೇ ಜನವೆಲ್ಲ ಆಗಲೇ ಸೇರಿದ್ದರು. ವಿಮಾನಕ್ಕೆ ಸಾಲು ತೋರಿಸಲು ಬಾವುಟ ಹಿಡಿಯುವವರು ಹೊಲಗಳಿಗೆ ಹೊರಟಿದ್ದರು. ಔಷಧಿ ಕಲೆಸಿ ತೊಟ್ಟಿಗೆ ತುಂಬಿಯಾಗಿತ್ತು. ಟ್ಯಾಂಕೂ ಭರ್ತಿ. ಹಿಂದಿನ ಸಂಜೆ ಕ್ಯಾಪ್ಟನ್ನೇ ನಿಂತು ಪೆಟ್ರೋಲ್ ಹಾಕಿಸಿದ್ದರಂತೆ.

“ಚರ್ಮದಲ್ಲಿ ಸೋಸಿದ್ರಾ?” ಎಂದು ಕೇಳಿದೆ.

“ಇಲ್ಲ. ಇಷ್ಟು ದಿನ ಸೋಸಿದ್ರಲ್ಲ, ಒಂದು ಹನಿ ನೀರು ಸಿಕ್ಕಿದೆಯೇನ್ರೀ ಅದ್ರಲ್ಲಿ?”

ಸಿಕ್ಕಿರಲಿಲ್ಲ, ನಿಜ. ನಾನು ಸೀಸೆ ಹಿಡಿದು ಎಡರೆಕ್ಕೆಯ ಅಡಿಗೆ ಕುಕ್ಕರಿಸಿದೆ. ಪೆಟ್ರೋಲ್ ಬಿಟ್ಟು ಬೆಳಕಿಗೆ ಹಿಡಿದರೆ ತಳದಲ್ಲಿ ಉದ್ದಿನ ಕಾಳಿನಷ್ಟು ನೀರು ಹೊರಳಾಡುತ್ತಿತ್ತು. ಚೆಲ್ಲಿ ಮತ್ತೆ ಹಿಡಿದೆ, ನೀರಿಲ್ಲ. ಬಲರೆಕ್ಕೆ, ಅಲ್ಲೂ ಇಲ್ಲ. ಕ್ಯಾಪ್ಟನ್ ಹಿಂದೆಯೇ ನಿಂತಿದ್ದರು.

“ಇದ್ದದ್ದು ಬಂತು. ಮುಗೀತಲ್ಲ? ಸಹಿ ಹಾಕಿ.”

ನಾನು ಸಹಿ ಹಾಕದೆ ಬ್ಯಾರಲ್‌ಗಳ ಕಡೆ ಹೋದೆ. ಮಲಗಿಸಿದ್ದ ಬ್ಯಾರಲ್‌ಗಳನ್ನೆಲ್ಲ ಎತ್ತಿ ಒತ್ತೊತ್ತಾಗಿ ನೆಟ್ಟಗೆ ನಿಲ್ಲಿಸಿದ್ದರು. ಮೇಲೆ ಗೋಣಿತಾಟು ಹೊದಿಸಿ, ತೊಟ್ಟಿಕ್ಕುವ ಹಾಗೆ ನೀರು ಹೊಯ್ದಿದ್ದರು. ಗೋಣಿ ಎತ್ತಿ ನೋಡಿದರೆ ಬ್ಯಾರಲ್ಲಿನ ತಲೆಯ ಮೇಲೆ, ಸುತ್ತಲ ಅಂಚಿನೊಳಗೆ, ತಟ್ಟೆಯಲ್ಲಿಟ್ಟ ಹಾಗೆ ನೀರು ನಿಂತಿತ್ತು. ಬಿರಡೆ ಆ ನೀರಿನಲ್ಲಿ ಮುಳುಗಿತ್ತು.

ಕಾವಲಿನವನು ಪಕ್ಕದಲ್ಲಿ ಚೆಂಬು ಹಿಡಿದು ನಿಂತಿದ್ದ, ಮುಖದಲ್ಲಿ ಹೆಮ್ಮೆ.

“ನೆನ್ನೆ ಮೊನ್ನೆ ಬಿಸ್ಲು ಸುಡ್ತಿತ್ತಲ್ಲ ಸಾಮಿ. ಬಿಸಿಯಾದ್ರೆ ಹತ್ಕೊಂಡು ಉರೀತದೆ, ತಂಪಾಗಿಡು ಅಂತ ಕ್ಯಾಪ್ಟನ್ ಸಾಯೇಬ್ರು ಅಂದ್ರು. ನೀವು ಇರ್ಲಿಲ್ಲ. ಎಲೆ ಪೆಂಡಿ ಹಿಂಗೇ ಇಡೋದು ಸಾಮಿ ನಾವು. ನೆಟ್ಟಗೆ ನಿಲ್ಸಿ, ಒದ್ದೆ ಗೋಣಿ ಹಾಕಿದ್ರೆ ವಾರವಾದ್ರೂ ಬಾಡಾಕಿಲ್ಲ.”

ವೀಳ್ಯದೆಲೆಯನ್ನು ಕಾಪಾಡಿದ ಹಾಗೆ ಪೆಟ್ರೋಲನ್ನು ಕಾಪಾಡಿದ್ದ! ಅವನನ್ನು ಬಯ್ಯಬೇಕೋ, ಅಳಬೇಕೋ ತಿಳಿಯಲಿಲ್ಲ. ಹಗಲು ಬಿಸಿಗೆ ಬ್ಯಾರಲ್ಲಿನ ಗಾಳಿ ಹಿಗ್ಗಿ ಬಿರಡೆಯ ಸಂದಿನಿಂದ ಹೊರಗೆ ಹೋಗುತ್ತದೆ. ರಾತ್ರಿ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಒಳಕ್ಕೆ ಎಳೆಯುತ್ತದೆ. ಬಿರಡೆಯ ಮೇಲೆ ನೀರು ನಿಂತಿದ್ದರೆ ಆ ನೀರನ್ನೇ ಎಳೆದುಕೊಳ್ಳುತ್ತದೆ. ಅದಕ್ಕೇ ಅಡ್ಡ ಮಲಗಿಸುವುದು. ಇದನ್ನು ಅವನಿಗೆ ಯಾರು ಹೇಳಬೇಕಿತ್ತು? ಕ್ಯಾಪ್ಟನ್ ಹೇಳಲಿಲ್ಲ, ಬರೀ ಹೆದರಿಸಿ ಹೋದರು.

ವಾಪಸು ಬಂದು, “ಎರಡೂ ಟ್ಯಾಂಕ್ ಪೂರ್ತಿ ಖಾಲಿ ಮಾಡಬೇಕು. ಇವತ್ತು ಹಾರೋ ಹಾಗಿಲ್ಲ” ಅಂದೆ.

“ತಲೆ ಕೆಟ್ಟಿದೆಯೇನ್ರೀ? ಎರಡನೇ ಸಲ ಏನೂ ಬರ್ಲಿಲ್ಲವಲ್ಲ!”

“ಬಾಲದ ಚಕ್ರದ ವಿಮಾನ ಇದು. ಈಗ ಮೂತಿ ಮೇಲಿದೆ, ಬಾಲ ಕೆಳಗಿದೆ. ಟ್ಯಾಂಕಿನ ಮೂಲೆ ಮಡಿಕೆಯಲ್ಲಿ ನೀರು ಕೂತಿದ್ರೆ ಕೆಳಗಿನ ತೂತಿಗೆ ಬರಲ್ಲ. ನೀವು ಓಡಿಸಿ ಬಾಲ ಎತ್ತಿದಾಗ ಮುಂದಕ್ಕೆ ನುಗ್ಗುತ್ತೆ.”

“ಎಂಜಿನ್ ಓಡಿಸಿ ನೋಡ್ತೀನಿ. ಸರಿಯಾಗಿದ್ರೆ ಹೋಗ್ತೀನಿ.”

“ನೆಲದ ಮೇಲೆ ಸರಿಯಾಗೇ ಓಡುತ್ತೆ. ಮರದ ಮಟ್ಟಕ್ಕೆ ಏರಿದಾಗ ನಿಲ್ಲುತ್ತೆ. ತೊಟ್ಟಿ ತುಂಬ ಔಷಧಿ ಇದೆ. ಎಲ್ಲಿ ಇಳಿಸ್ತೀರಿ?”

ಅಷ್ಟರಲ್ಲಿ ಗೌಡರು ಜನ ಕಟ್ಟಿಕೊಂಡು ಬಂದರು. ವಿಷಯ ತಿಳಿದದ್ದೇ ಅವರ ಕಣ್ಣು ಕೆಂಪಗಾಯಿತು.

“ಏನೋ ಇದು? ಒಂದು ಬೊಟ್ಟು ನೀರಿಗೆ ಇಷ್ಟು ಹಟವೇನೋ? ಮೋಡ ನೋಡು ಮೇಲೆ! ಇವತ್ತು ಬಿಟ್ರೆ ನಮ್ಮ ಹತ್ತಿ ಮಣ್ಣು ಪಾಲು. ನಮ್ಮ ಸೀಮೆಯೋನೇ ಆಗಿ ನಮ್ಮ ಹೊಟ್ಟೆ ಮೇಲೆ ಹೊಡೀತೀಯಲ್ಲೋ!”

“ಗೌಡ್ರೇ, ಒಳಗೆ ಕೂರೋನೂ ಮನುಷ್ಯನೇ.”

“ಕೂರೋ ಸಾಯೇಬ್ರೇ ಹೋಗ್ತೀನಿ ಅಂತಿದಾರೆ, ನಿಂದೇನೋ ಮಧ್ಯದಲ್ಲಿ?”

ಗುಂಪಿನಲ್ಲಿ ಯಾರೋ, “ಅವನ್ನ ಎತ್ತಿ ಆಚೆಗೆ ಹಾಕ್ರೋ” ಅಂದರು. ಕ್ಯಾಪ್ಟನ್ ನನ್ನ ಮುಖವನ್ನೂ ನೋಡದೆ, “ಸಹಿ ಇಲ್ಲದಿದ್ರೆ ಬೇಡ. ನನ್ನ ಜವಾಬ್ದಾರಿ ಮೇಲೆ ಹೋಗ್ತೀನಿ” ಎಂದು ಹೆಲ್ಮೆಟ್ ಹಾಕಿಕೊಂಡರು.

ನನಗೆ ಆ ಮನುಷ್ಯನ ಮೇಲೆ ಪ್ರೀತಿಯೇನೂ ಇರಲಿಲ್ಲ. ಹಾಳಾಗಿ ಹೋಗಲಿ ಎಂದು ಒಂದು ಕ್ಷಣ ಅನ್ನಿಸಿದ್ದೂ ಉಂಟು. ಆದರೆ ಓಡುದಾರಿಯ ಆ ತುದಿಯಲ್ಲಿದ್ದ ಜಾಲಿಮರಗಳು ಕಣ್ಣಿಗೆ ಬಿದ್ದವು. ಸ್ಪ್ಯಾನರ್ ತೆಗೆದುಕೊಂಡು ಎಂಜಿನ್ನಿನ ಅಡಿಗೆ ನುಗ್ಗಿದೆ. ಅಲ್ಲಿ ಪೆಟ್ರೋಲ್ ಸೋಸಿ ಮೇಲೆ ಹೋಗುವ ಒಂದು ಸಣ್ಣ ಬಟ್ಟಲಿದೆ. ಪೆಟ್ರೋಲ್ ಬರುವ ಕೊಳವೆ ಮುಚ್ಚಿ, ತಿರುಪು ಬಿಚ್ಚಿ, ಆ ಬಟ್ಟಲನ್ನೇ ಕಿತ್ತು ಅಂಗಿಯೊಳಗೆ ಹಾಕಿಕೊಂಡೆ. ಮೈಮೇಲೆಲ್ಲ ಪೆಟ್ರೋಲ್ ಸುರಿಯಿತು. ಆ ಬಟ್ಟಲಿಲ್ಲದೆ ಎಂಜಿನ್ ಓಡದು.

“ಈಗ ಹೋಗಿ, ನೋಡೋಣ” ಅಂದೆ.

ಕ್ಯಾಪ್ಟನ್ ನನ್ನ ಕೊರಳಪಟ್ಟಿಗೆ ಕೈ ಹಾಕಿದರು. ಹೊಡೆಯುವರೆಂದೇ ಅಂದುಕೊಂಡೆ, ಹೊಡೆಯಲಿಲ್ಲ. ಕೈ ಬಿಟ್ಟು ಓಡುದಾರಿಯ ಪಕ್ಕದ ತಮ್ಮ ಡೇರೆಗೆ ಹೋದರು. ಜನರ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಮುಂದಿನ ಕೆಲಸಕ್ಕೆ ಆಳು ಬೇಕಿತ್ತು. ತೊಟ್ಟಿಯ ಔಷಧಿ ಇಳಿಸಬೇಕು, ಬಾಲ ಎತ್ತಿ ಕಟ್ಟಿಗೆಯ ಎತ್ತರದ ಆಸರೆಯ ಮೇಲೆ ಕೂರಿಸಿ ವಿಮಾನವನ್ನು ಮಟ್ಟ ಮಾಡಬೇಕು, ರೆಕ್ಕೆ ಅಲ್ಲಾಡಿಸಬೇಕು. ಒಬ್ಬನೂ ಕೈ ಹಾಕಲಿಲ್ಲ, ಕಾವಲಿನವನೊಬ್ಬ ಬಿಟ್ಟು. ನಾವಿಬ್ಬರೇ ಔಷಧಿ ಇಳಿಸಿ, ಹೆಗಲು ಕೊಟ್ಟು, ಏದುಸಿರು ಬಿಡುತ್ತ ಬಾಲ ಎತ್ತಿದೆವು. ಸ್ವಲ್ಪ ಹೊತ್ತು ಬಿಟ್ಟು ಎಡರೆಕ್ಕೆಯ ಪೆಟ್ರೋಲನ್ನು ಚರ್ಮ ಕಟ್ಟಿದ ಲಾಳಿಕೆಯ ಮೂಲಕ ಖಾಲಿ ಬ್ಯಾರಲ್ಲಿಗೆ ಇಳಿಸಿದೆವು. ಚರ್ಮದ ಮೇಲೆ ನೀರು ಉಳಿಯತೊಡಗಿತು. ಎಲ್ಲ ಮುಗಿದಾಗ ಸೇರಿದ್ದು ಅರ್ಧ ಲೋಟದಷ್ಟು.

ಲೋಟ ಎತ್ತಿ ಗೌಡರಿಗೆ ತೋರಿಸಿದೆ. ಆಗಲೇ ಗಾಳಿ ಎದ್ದಿತ್ತು, ಬಾವುಟದವರು ವಾಪಸು ಬಂದಿದ್ದರು.

“ಇಷ್ಟೇನಾ?” ಅಂದರು ಗೌಡರು. “ಇಷ್ಟು ನೀರಿಗೆ ನಮ್ಮ ಒಂದು ಫಸಲು?”

ಎಂಜಿನ್ ನಿಲ್ಲಲು ಈ ನೀರಿನಲ್ಲಿ ಕಾಲುಭಾಗ ಸಾಕು ಎಂದು ನಾನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಬೀಳದ ವಿಮಾನವನ್ನು ತೋರಿಸಿ ಬೀಳುತ್ತಿತ್ತು ಎಂದರೆ ಯಾರು ನಂಬುತ್ತಾರೆ? ಗೌಡರ ಸಿಟ್ಟು ಕಾವಲಿನವನ ಕಡೆ ತಿರುಗಿತು. “ನೀರು ಹೊಯ್ದೋನು ನೀನೇ ತಾನೇ? ನಡಿ, ಇನ್ನು ನನ್ನ ಹಟ್ಟಿ ಬಾಗಿಲಿಗೆ ಬರಬೇಡ” ಅಂದರು. ಅವನು ಹೆಗಲ ಮೇಲಿನ ವಸ್ತ್ರ ಕೈಗೆ ತೆಗೆದುಕೊಂಡು ನಿಂತ.

“ಅವನನ್ನ ಯಾಕೆ ಅಂತೀರಿ? ತಂಪಾಗಿಡು ಅಂದೋರು ಕ್ಯಾಪ್ಟನ್. ಸೋಸದೆ ತುಂಬಿಸಿದೋರೂ ಕ್ಯಾಪ್ಟನ್. ಬೈಯೋದಾದ್ರೆ ಡೇರೆಗೆ ಹೋಗಿ ಬೈಯಿರಿ!” ಎಂದು ಇಡೀ ಗೋಮಾಳಕ್ಕೆ ಕೇಳುವ ಹಾಗೆ ಕೂಗಿದೆ. ಡೇರೆಯಲ್ಲಿದ್ದವರಿಗೂ ಕೇಳಿಸಿತು. ಆದರೂ ಅವರು ಹೊರಗೆ ಬರಲಿಲ್ಲ. ಕಾವಲಿನವನು ಹೊರಟುಹೋದ.

ಮಧ್ಯಾಹ್ನವೇ ಮಳೆ ಹಿಡಿಯಿತು. ಹಿಡಿದದ್ದು ಬಿಡಲಿಲ್ಲ. ಬಲರೆಕ್ಕೆಯನ್ನೂ ಬ್ಯಾರಲ್‌ಗಳನ್ನೂ ನಾನೊಬ್ಬನೇ ತಾಡಪಾಲಿನಡಿ ಕೂತು ಸೋಸಿದೆ. ಆ ಸಂಜೆಯಿಂದ ಗೌಡರ ಮನೆಯ ಊಟದಲ್ಲಿ ನನ್ನ ಪಾಲು ಬರಲಿಲ್ಲ. ಬಾವಿಗೆ ಹೋದರೆ ಹೆಂಗಸರು ಹಗ್ಗ ಎಳೆದುಕೊಂಡರು.

“ನೀರು ಬೇಕೇನಪ್ಪಾ? ನಿನ್ನ ಪಿಳೇನಲ್ಲೇ ಐತಂತಲ್ಲ, ಇಳಿಸ್ಕೊಂಡು ಕುಡಿ!” ಅಂದಳು ಒಬ್ಬಳು. ನಗೆಯೋ ನಗೆ. ಇನ್ನೊಂದು ಸಂದರ್ಭದಲ್ಲಿ ನಾನೂ ನಗುತ್ತಿದ್ದೆ.

ಕ್ಯಾಪ್ಟನ್ ನನ್ನನ್ನು ಬದಲಾಯಿಸಿ ಎಂದು ಕಂಪನಿಗೆ ತಂತಿ ಕೊಟ್ಟಿದ್ದರು. ಮಳೆ ಬಿಡುವ ಹೊತ್ತಿಗೆ ಬೆಂಗಳೂರಿನಿಂದ ಹೊಸ ಎಂಜಿನಿಯರ್ ಬಂದ. ನಯವಾದ ಮನುಷ್ಯ, ಮಾತಿಗೆ ಮುಂಚೆ ನಗು. ಅವನಿಗೆ ಒಂದೊಂದೂ ತೋರಿಸಿ ವಹಿಸಿಕೊಟ್ಟೆ. ಬ್ಯಾರಲ್ ಮಲಗಿಸುವುದನ್ನು ಹೇಳಿದೆ, ಚರ್ಮದ ವಿಷಯ ಹೇಳಿದೆ. ಎಲ್ಲದಕ್ಕೂ “ಆಯ್ತು ಸಾರ್” ಅಂದ. ಮಾರನೆಯ ಬೆಳಿಗ್ಗೆ, ವಿಮಾನ ಹಾರಲು ಸಿದ್ಧವಾಗುತ್ತಿದ್ದಾಗಲೇ, ಟ್ರಂಕು ಗಾಡಿಗೆ ಹಾಕಿಕೊಂಡು ಹೊರಟೆ. ಯಾರೂ ಹೋಗಿ ಬಾ ಅನ್ನಲಿಲ್ಲ. ನಾನೂ ಬರ್ತೀನಿ ಅನ್ನಲಿಲ್ಲ. ಬಸ್ಸಿನಲ್ಲಿ ಕಡೂರಿನವರೆಗೂ ಎಲ್ಲರನ್ನೂ ಮನಸ್ಸಿನಲ್ಲೇ ಬೈದುಕೊಂಡು ಬಂದೆ.

ಸ್ಟೇಷನ್ನಿನಲ್ಲಿ ಟಿಕೆಟ್ ತೆಗೆದು, ಟ್ರಂಕಿನ ಮೇಲೆ ಕೂತು ಬೆಂಗಳೂರಿನ ರೈಲಿಗೆ ಕಾಯುತ್ತಿದ್ದೆ. ಹೊರಗೆ ಜೀಪು ನಿಂತ ಸದ್ದಾಯಿತು. ಕ್ಯಾಪ್ಟನ್ ಬಂದರು. ಹಾರುವ ಬಟ್ಟೆಯಲ್ಲೇ ಇದ್ದರು, ಬೂಟಿನ ತುಂಬ ಕೆಸರು. ನನ್ನ ಎದುರಿಗೆ ನಿಂತು ಸಿಗರೇಟು ಹಚ್ಚಲು ಹೋದರು, ಕಡ್ಡಿ ಎರಡು ಸಲ ಆರಿತು.

“ಏನು ಬಿಟ್ಟು ಬಂದಿದ್ದೀನಿ ಅಂತ ಬಂದ್ರಿ?” ಅಂದೆ.

“ಸುಮ್ನೆ ಕೇಳ್ರೀ. ಆ ಹೊಸಬನಿಗೆ ಬೆಳಿಗ್ಗೆ ಹೇಳ್ದೆ, ಇವತ್ತು ಟ್ಯಾಂಕ್ ನೋಡೋದು ಬೇಡ, ಹೊತ್ತಾಯ್ತು ಅಂತ. ಏನಂತಾನೆ ನೋಡೋಣ ಅಂತಲೇ ಹೇಳಿದ್ದು.”

“ಏನಂದ?”

“‘ಆಯ್ತು ಸಾರ್’ ಅಂದ. ನಗ್ತಾ ಸಹಿ ಹಾಕಿ ಕೊಟ್ಟ.”

“ಹಾರಿದ್ರಾ?”

ಅವರು ಹಳಿಯ ಕಡೆ ನೋಡಿದರು. “ಸ್ಟಾರ್ಟ್ ಮಾಡಿ, ಓಡುದಾರಿಯ ತುದೀಗೆ ಹೋಗಿ ನಿಂತೆ. ಎಂಜಿನ್ ಚೆನ್ನಾಗೇ ಓಡ್ತಿತ್ತು. ವೇಗದ ಹಿಡಿಕೆ ಒತ್ತೋಕೆ ಕೈ ಮುಂದಕ್ಕೆ ಹೋಗ್ಲಿಲ್ಲ ಕಣ್ರೀ. ಆ ಜಾಲಿಮರ ನೋಡ್ತಾ ಕೂತಿದ್ದೆ. ತಿರುಗಿಸ್ಕೊಂಡು ಬಂದ್ಬಿಟ್ಟೆ. ಗೌಡ್ರು, ಜನ, ಎಲ್ಲರೂ ನೋಡ್ತಿದ್ರು.”

ನಾನು ರೈಲು ಬರುವ ಕಡೆ ಮುಖ ತಿರುಗಿಸಿದೆ. ಬಾಯಿ ಬಿಟ್ಟಿದ್ದರೆ ಕೆಟ್ಟದ್ದೇ ಹೇಳುತ್ತಿದ್ದೆ.

“ನಿಮ್ಮನ್ನ ಕಂಡ್ರೆ ನನಗೆ ಇವತ್ತಿಗೂ ಆಗಲ್ಲ” ಅಂದರು ಅವರು. “ಆದ್ರೆ ಬೇಡ ಅನ್ನೋನು ಕೆಳಗಿಲ್ಲದೆ ನಾನು ಮೇಲೆ ಹೋಗಲಾರೆ. ಕಂಪನಿಗೆ ಇನ್ನೊಂದು ತಂತಿ ಕೊಟ್ಟಿದ್ದೀನಿ. ಏಳಿ.”

“ನನಗೂ ನಿಮ್ಮನ್ನ ಕಂಡ್ರೆ ಆಗಲ್ಲ. ಕಾವಲಿನೋನು ವಾಪಸ್ ಬರಬೇಕು.”

“ಗೌಡ್ರಿಗೆ ನೀವೇ ಹೇಳ್ಕೊಳ್ಳಿ.”

“ತಂಪಾಗಿಡು ಅಂದದ್ದು ನಾನಲ್ಲ. ತಪ್ಪು ನಂದು ಅಂತ ನೀವೇ ಹೇಳಬೇಕು. ಅವರ ಮುಂದೆ, ಅವನ ಮುಂದೆ, ಜನರೆಲ್ಲರ ಮುಂದೆ. ಆಗೋದಾದ್ರೆ ಏಳ್ತೀನಿ. ಇಲ್ಲದಿದ್ರೆ ಆ ‘ಆಯ್ತು ಸಾರ್’ನ ಜೊತೆ ಹಾರ್ಕೊಳ್ಳಿ.”

ಅವರ ಮುಖ ಕಪ್ಪಿಟ್ಟಿತು. ರೈಲು ಬಂತು. ಜನ ಇಳಿದರು, ಜನ ಹತ್ತಿದರು. ನಾನು ಎದ್ದು ನಿಂತು ಡಬ್ಬಿಯ ಬಾಗಿಲಿನ ಕಂಬಿ ಹಿಡಿದೆ. ಗಾರ್ಡ್ ಸೀಟಿ ಊದಿದ. ತಿರುಗಿ ನೋಡಿದರೆ ಕ್ಯಾಪ್ಟನ್ ಬಗ್ಗಿ, ನನ್ನ ಟ್ರಂಕನ್ನು ಎತ್ತಿ ಹೆಗಲ ಮೇಲಿಟ್ಟುಕೊಂಡು, “ಮೊದಲು ಗೌಡ್ರ ಹಟ್ಟಿಗೆ ಹೋಗೋಣ” ಎಂದು ಗೊಣಗುತ್ತ ಜೀಪಿನ ಕಡೆ ನಡೆಯುತ್ತಿದ್ದರು.